ನಾನು ಗುರುತು ಹಾಕಿದ ಬಂಡೆ

ದೋಣಿಯ ಅಡಿಯಲ್ಲಿ ಸಾಲಾಗಿ ಹನ್ನೊಂದು ತೂತುಗಳು, ಒಂದೊಂದೂ ರಾಗಿ ಕಾಳಿನಷ್ಟು. ಅವು ಬಂಡೆಯಿಂದ ಆದವಲ್ಲ, ನನ್ನಿಂದ ಆದವು. ಮುನಿಶಾಮಣ್ಣ ದೋಣಿಯನ್ನು ಯಾವುದಕ್ಕೂ ಗುದ್ದಿಸಿರಲಿಲ್ಲ. ಇಷ್ಟು ಹೇಳಲು ನನಗೆ ಐದು ವರ್ಷ ಬೇಕಾಯಿತು — ಹೇಳಬೇಕಾದ ದಿನ ಒಂದು ಮಾತು ಸಾಕಿತ್ತು.

ಬಿ.ಎಸ್ಸಿ. ಮುಗಿಸಿದ ವರ್ಷವೇ ಕೋಲಾರದ ಒಂದು ಸರ್ಕಾರಿ ಕಚೇರಿಯಲ್ಲಿ ನನಗೆ ಹಂಗಾಮಿ ಕೆಲಸ ಸಿಕ್ಕಿತು. ಕೆರೆಗಳಲ್ಲಿ ಎಷ್ಟು ಹೂಳು ತುಂಬಿದೆ ಎಂದು ಅಳೆಯುವ ಕೆಲಸ. ಅದಕ್ಕಾಗಿ ಬಂದಿದ್ದ ದೋಣಿಗೆ ಅಡಿಯಲ್ಲಿ ಎರಡು ಉದ್ದನೆಯ ಅಲ್ಯೂಮಿನಿಯಂ ಪೀಪಾಯಿಗಳು, ಮೇಲೆ ಹಲಗೆ ಹಾಸು. ಹೋಳೂರಿನ ಕಡೆಯ ಕೆರೆಯಲ್ಲಿ ಅದನ್ನು ಮೊದಲ ಸಲ ಇಳಿಸಿದಾಗ ಜನ ಅದಕ್ಕೆ ಬೆಳ್ಳಿ ದೋಣಿ ಎಂದು ಹೆಸರಿಟ್ಟರು. ಗಳ ಹಾಕಿ ನಡೆಸಲು ಆ ಊರಿನ ಮುನಿಶಾಮಣ್ಣನನ್ನೇ ಕೆಲಸಕ್ಕೆ ತೆಗೆದುಕೊಂಡರು. ಅವರು ಚಿಕ್ಕಂದಿನಿಂದ ಅದೇ ಕೆರೆಯಲ್ಲಿ ತೆಪ್ಪ ಹಾಕಿ ಮೀನು ಹಿಡಿದವರು. ನಾನು ಗುಂಡು ಕಟ್ಟಿದ ಹಗ್ಗ ಇಳಿಬಿಟ್ಟು ಆಳ ನೋಡುವಾಗೆಲ್ಲ ಅವರಿಗೆ ನಗು.

“ಹಗ್ಗ ಯಾಕೆ ಅಮ್ಮಣ್ಣಿ, ನನ್ನ ಕೇಳಿ. ಈ ಕೆರೆಯಾಗೆ ಕಲ್ಲೆಲ್ಲೈತೆ, ಕೆಸರೆಲ್ಲೈತೆ, ಎಲ್ಲಾ ನಂಗೊತ್ತು. ನನ್ ಹೆಂಡ್ತಿ ಉಪ್ಪೆಲ್ಲಿ ಇಟ್ಟವ್ಳೆ ಅಂತ ಕೇಳಿದ್ರೆ ಮಾತ್ರ ಗೊತ್ತಿಲ್ಲ.”

ನಮ್ಮ ಕಡೆಯ ನೀರು ಗಡಸು. ದೋಣಿ ದಡಕ್ಕೆ ಬಂದು ಒಣಗಿದರೆ ಸುಣ್ಣ ಚಿಮುಕಿಸಿದಂತೆ ಮೈಯೆಲ್ಲ ಬಿಳಿ ಚುಕ್ಕೆ. ಮತ್ತೆ ನೀರಿಗೆ ಇಳಿಸುವುದರೊಳಗೆ ಅವನ್ನು ತೆಗೆಯಬೇಕು, ಬಿಟ್ಟರೆ ಪದರ ಕಟ್ಟುತ್ತದೆ. ದೋಣಿ ನನ್ನ ಜವಾಬ್ದಾರಿಯಲ್ಲಿತ್ತು. ಮುನಿಶಾಮಣ್ಣ ಹುಣಸೆಹಣ್ಣು ನೆನೆಸಿ, ತೆಂಗಿನ ನಾರಿನಿಂದ ಒಂದೊಂದೇ ಚುಕ್ಕೆಯನ್ನು ಉಜ್ಜುತ್ತಿದ್ದರು. ಅರ್ಧ ದಿನ ಹಿಡಿಯುತ್ತಿತ್ತು. ಬೆಸುಗೆ ಹಾಕಿದ ಜಾಗಕ್ಕೆ ಬಂದಾಗ ನಾರನ್ನೂ ಬಿಟ್ಟು ಬೆರಳಿನಿಂದಲೇ ಉಜ್ಜುತ್ತಿದ್ದರು.

ಒಂದು ಭಾನುವಾರ ಅವರು ನಾದಿನಿಯ ಮಗಳ ಮದುವೆಗೆ ಹೋಗಬೇಕಿತ್ತು. ಸೋಮವಾರ ಬೆಂಗಳೂರಿನಿಂದ ದೊಡ್ಡ ಸಾಹೇಬರು ಬರುವವರಿದ್ದರು. “ಹೋಗಿ ಬನ್ನಿ, ನಾನು ನೋಡ್ಕೊಳ್ತೀನಿ” ಎಂದೆ.

ಒಂದು ಗಂಟೆ ಉಜ್ಜಿದೆ. ಒಂದು ಪೀಪಾಯಿಯ ಕಾಲು ಭಾಗವೂ ಆಗಲಿಲ್ಲ. ಬಟ್ಟೆ ಒಗೆಯಲು ಬಂದ ಹೆಂಗಸೊಬ್ಬಳು ಕೆರೆ ಏರಿಯ ಮೇಲಿಂದ ಕೂಗಿದಳು: “ಏನಮ್ಮಾ, ಕಾಲೇಜು ಓದಿ ಪಾತ್ರೆ ತಿಕ್ಕಾಕೆ ಬಂದಾ? ನಮ್ಮನೇದೂ ಒಸಿ ಐತೆ, ತರ್ಲಾ?” ಜೊತೆಯವರು ನಕ್ಕರು. ನಾನು ನಾರನ್ನು ಎಸೆದು ಎದ್ದೆ.

ಅಮ್ಮ ಸೋಪು ಮಾಡುವುದನ್ನು ಕಲಿಯಲು ತಂದಿದ್ದ ಕಾಸ್ಟಿಕ್ ಸೋಡಾ ಮನೆಯಲ್ಲಿತ್ತು. ಸೈಕಲ್ಲಿನಲ್ಲಿ ಹೋಗಿ ತಂದೆ. ಅದು ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ ಎಂಬುದು ನನಗೆ ಗೊತ್ತಿತ್ತು. ಪ್ರಯೋಗಾಲಯದಲ್ಲಿ ನಾನೇ ಮಾಡಿ ನೋಡಿದ್ದೆ, ಪುಸ್ತಕದಲ್ಲಿ ಬರೆದಿದ್ದೆ. ತೆಳ್ಳಗೆ ಕಲಸಿ, ಕೂಡಲೇ ತೊಳೆದುಬಿಟ್ಟರೆ ತೆಳು ಮೇಲ್ಪದರದ ಜೊತೆ ಚುಕ್ಕೆಗಳಷ್ಟೇ ಎದ್ದು ಹೋಗುತ್ತವೆ ಎಂದುಕೊಂಡೆ. ತೆಳ್ಳಗೆ ಕಲಸಲಿಲ್ಲ. ಕೂಡಲೇ ತೊಳೆಯಲೂ ಇಲ್ಲ. ಆ ಹೆಂಗಸರು ಹೋಗಲಿ ಎಂದು ದಡದಲ್ಲಿ ದೋಣಿ ಸಾಮಾನು ಇಡುವ ಶೆಡ್ಡಿನೊಳಗೆ ಕಾದು ಕೂತೆ. ಹೊರಗೆ ಬಂದು ನೀರು ಹೊಯ್ದಾಗ ಒಂದು ಚುಕ್ಕೆಯೂ ಇರಲಿಲ್ಲ. ಬೆಸುಗೆಯ ಉದ್ದಕ್ಕೆ ಮಾತ್ರ ಕಪ್ಪಗೆ, ಸಣ್ಣ ಸಣ್ಣ ಗುಳಿಗಳು. ಉಗುರಿನಿಂದ ಒತ್ತಿ ನೋಡಿದೆ, ಒಳಕ್ಕೆ ಹೋಗಲಿಲ್ಲ. ಹುಣಸೆಹಣ್ಣು ಸವರಿ ಹೊಳಪು ಬರಿಸಿದೆ.

ಮರುದಿನ ಮುನಿಶಾಮಣ್ಣ ದೋಣಿಯನ್ನು ನೋಡಿ, “ಅಬ್ಬಾ! ನಿಮ್ ಕೈಗೆ ದೃಷ್ಟಿ ತೆಗೀಬೇಕು” ಎಂದರು.

ಕೆರೆಯ ನಡುವೆ ಬಲಗಡೆಯ ಪೀಪಾಯಿ ನೀರು ತುಂಬಿಕೊಂಡು ದೋಣಿ ಓರೆಯಾಯಿತು. ಸಾಹೇಬರು, ಅಳತೆಯ ಪೆಟ್ಟಿಗೆ, ನಾನು — ಎಲ್ಲ ನೀರಿಗೆ. ಎದೆಯ ಮಟ್ಟದ ನೀರು, ಕಾಲ ಕೆಳಗೆ ಬರೀ ಕೆಸರು. ಮುನಿಶಾಮಣ್ಣ ಒಬ್ಬೊಬ್ಬರನ್ನಾಗಿ ದಡಕ್ಕೆ ಎಳೆದು ತಂದರು. ಸಾಹೇಬರು ದೋಣಿಯ ಅಡಿಗೆ ಬಗ್ಗಿ ಸಹ ನೋಡಲಿಲ್ಲ.

“ಬಂಡೆಗೆ ಗುದ್ದಿಸಿದ್ದೀಯ.”

“ಇಲ್ಲ ಸಾಮೀ, ಅಲ್ಲಿ ಬಂಡೆ ಇಲ್ಲ. ಅಮ್ಮಣ್ಣಿ ಕೂತಿದ್ರಲ್ಲ, ಅವ್ರನ್ನೇ ಕೇಳಿ.”

ಸಾಹೇಬರು ನನ್ನ ಕಡೆ ತಿರುಗಿದರು. ಮುನಿಶಾಮಣ್ಣನೂ — ಯಾವ ಆತಂಕವೂ ಇಲ್ಲದ ಮುಖದಿಂದ.

“ಹೌದು ಸಾರ್” ಎಂದೆ. “ಏನೋ ತಾಗಿದ ಹಾಗಾಯ್ತು.”

ಅವರನ್ನು ಅಂದೇ ಕೆಲಸದಿಂದ ತೆಗೆದರು. ದೋಣಿಯನ್ನು ಬೆಸುಗೆ ಅಂಗಡಿಗೆ ಹಾಕಿದಾಗ ಅಂಗಡಿಯವನು ಪೀಪಾಯಿ ಹೊರಳಿಸಿ, “ಇದೇನಮ್ಮಾ, ಗೆದ್ದಲು ತಿಂದಂಗೈತೆ” ಎಂದ. ತೂತುಗಳನ್ನು ಎಣಿಸಿದೆ, ಹನ್ನೊಂದು. ಪಟ್ಟಿ ಹಾಕಿ ಮುಚ್ಚಪ್ಪ ಎಂದೆ. ಆಮೇಲೆ ಎರಡು ವರ್ಷ, ಮಾಲೂರು, ಮುಳಬಾಗಿಲು, ಯಾವ ಕೆರೆಗೆ ಹೋದರೂ ಆ ಪಟ್ಟಿಯ ಮೇಲಿನ ಹಲಗೆಯೇ ನನ್ನ ಜಾಗ. ಸುತ್ತಲೂ ನೀರು, ಎದ್ದು ಹೋಗುವಂತಿಲ್ಲ. ಕಚೇರಿಯಲ್ಲೂ ಹಾಗೆಯೇ — ಆರು ತಿಂಗಳಿಗೊಮ್ಮೆ ನವೀಕರಿಸುವ ಕೆಲಸ, ನಾನು ಬಾಯಿ ಬಿಟ್ಟರೆ... ಪೂರ್ತಿ ಯೋಚಿಸಲು ಕೂಡ ಹೆದರುತ್ತಿದ್ದೆ. ದಡಕ್ಕೆ ಬಂದ ಮೇಲೆ ಪ್ರತಿ ಸಲ ಚುಕ್ಕೆಗಳನ್ನು ನಾನೇ ಉಜ್ಜುತ್ತಿದ್ದೆ, ಹುಣಸೆಹಣ್ಣಿನಿಂದ. ಹೊಸ ಆಳಿಗೆ ಮುಟ್ಟಲು ಬಿಡುತ್ತಿರಲಿಲ್ಲ.

ಇನ್ನೂ ಒಂದು ಇದೆ. ಮೊದಲನೆಯದಕ್ಕಿಂತ ಕೆಟ್ಟದ್ದು. ಕೆಲಸ ಹೋದ ತಿಂಗಳಲ್ಲೇ ಮುನಿಶಾಮಣ್ಣ ಕಚೇರಿಗೆ ಬಂದರು. ಕೆಲಸ ಕೇಳಲಿಲ್ಲ.

“ಅಮ್ಮಣ್ಣಿ, ನಿಮ್ಮ ನಕ್ಷೆಯಾಗೆ ಆ ಬಂಡೆ ಐತಾ? ನಂಗೆ ಗೊತ್ತಿಲ್ದಿರೋ ಬಂಡೆ ಅಲ್ಲೆಂಗೆ ಬಂತು ಅಂತ ಯೋಚ್ನೆ ಮಾಡಿ ಮಾಡಿ ನಿದ್ದೆ ಇಲ್ಲ. ಊರಾಗೆ ನಗ್ತವ್ರೆ.”

ನಕ್ಷೆ ಬಿಚ್ಚಿದೆ. ದೋಣಿ ಮುಳುಗಿದ ಬಗ್ಗೆ ಕಚೇರಿ ಬರೆದ ವರದಿಗೆ ಹೊಂದಲೆಂದು ಅದರಲ್ಲಿ ನಾನೇ ಬಂಡೆಯೆಂದು ಒಂದು ಕತ್ತರಿ ಗುರುತು ಹಾಕಿದ್ದೆ. ಬೆರಳಿಟ್ಟು ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. “ನೀವು ಓದಿದವ್ರು. ಅಳ್ದು ಬರ್ದಿದ್ದೀರ” ಎಂದು ಎದ್ದರು. ಆಮೇಲೆ ಅವರು ತೆಪ್ಪವನ್ನೂ ಮಾರಿಬಿಟ್ಟರೆಂದು ಕೇಳಿದೆ. ತನಗೆ ಈಗ ಕೆರೆ ತಿಳಿಯುವುದಿಲ್ಲ ಎನ್ನುತ್ತಿದ್ದರಂತೆ.

ಈ ಬೇಸಿಗೆ ಆ ಕೆರೆ ಪೂರ್ತಿ ಒಣಗಿತು. ಶ್ರೀನಿವಾಸಪುರದಿಂದ ಬರುವಾಗ ಏರಿಯ ಮೇಲೆ ಬಸ್ಸು ನಿಧಾನವಾಯಿತು. ಕೆರೆಯಂಗಳದ ನಡುವೆ ಒಬ್ಬ ಮುದುಕ ಕೋಲಿನಿಂದ ನೆಲ ತಿವಿಯುತ್ತಿದ್ದ. ಪಕ್ಕದ ಸೀಟಿನವರು ನಕ್ಕರು: “ನಮ್ಮ ಮುನಿಶಾಮಿ. ವಾರದಿಂದ ಬಂಡೆ ಹುಡುಕ್ತವ್ನೆ. ಸರ್ಕಾರದ ನಕ್ಷೆಯಾಗೆ ಐತಂತೆ, ನೆಲದಾಗೆ ಇಲ್ವಂತೆ!”

ಮುನಿಶಾಮಣ್ಣ ನಿಂತಿದ್ದು ನನ್ನ ಕತ್ತರಿ ಗುರುತಿನ ಜಾಗದಲ್ಲಿ. ನಾನು ಇಳಿಯಲಿಲ್ಲ. ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ ಏರಿಯ ಮೇಲೆ ಇಳಿದೆ. ಚಪ್ಪಲಿ ಕೈಯಲ್ಲಿ ಹಿಡಿದು, ಬಿರುಕುಬಿಟ್ಟ ಕೆಸರಿನ ಮೇಲೆ ನಡೆದು ಅವರೆದುರು ನಿಂತೆ. ಸೋಡಾ, ತೂತು, ನಕ್ಷೆಯ ಗುರುತು — ಎಲ್ಲ ಹೇಳಿದೆ. ಯಾಕೆ ಮಾಡಿದೆ ಎಂದು ಅವರು ಕೇಳಲಿಲ್ಲ.

“ಅಂಗಾದ್ರೆ ಇಲ್ಲಿ ಬಂಡೆ ಇಲ್ಲ.”

“ಇಲ್ಲ ಮುನಿಶಾಮಣ್ಣ.”

“ನಾನು ಅವತ್ತೇ ಹೇಳ್ದೆ.” ಕೋಲನ್ನು ಅಲ್ಲೇ ನೆಟ್ಟು ಏರಿಯ ಕಡೆ ನೋಡಿದರು. “ಅಲ್ಲಿ ಕೂತವ್ರಲ್ಲ, ಅವ್ರಿಗೂ ಹೇಳಿ.”

ಏರಿಯ ಮೇಲೆ ಬಸ್ಸಿಗೆ ಕಾಯುತ್ತ ಏಳೆಂಟು ಜನರಿದ್ದರು. ಮುನಿಶಾಮಣ್ಣ ಮುಂದೆ, ನಾನು ಹಿಂದೆ ಏರಿ ಹತ್ತಿದೆವು. ಬಸ್ಸು ಬರುವುದರೊಳಗೆ, ಮೊದಲಿನಿಂದ, ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದೆ.