ತಪ್ಪು ಹೊಟ್ಟೆಗೆ ಹಾಕಿಕೊಳ್ಳುವ ಕ್ಲಬ್ಬು

ಗಾಲ್ಫ್ ಸಾಮಾನಿನ ಆ ಅಂಗಡಿಯಲ್ಲಿ ಎಲ್ಲರೂ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಪಾಠ ಹೇಳುವ ಕೆಲಸವೇನಲ್ಲ. ಬಂದವರ ಕೈಗೆ, ಎತ್ತರಕ್ಕೆ, ಏಟಿಗೆ ಹೊಂದುವ ಕ್ಲಬ್ಬು, ಅಂದರೆ ಚೆಂಡು ಹೊಡೆಯುವ ಕೋಲು, ಆರಿಸಿಕೊಡುವುದು. ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ. ಹೆಂಡತಿಯ ತಮ್ಮ ಕೆಲಸವಿಲ್ಲದೆ ಅಲೆಯುತ್ತಿದ್ದಾಗ ಅಂಗಡಿಗೆ ಸೇರಿಸಿ, ಕೈ ಹಿಡಿದು ಕಲಿಸಿದವರೂ ಅವರೇ. ಅಲ್ಲೇ ಎಡವಟ್ಟಾದದ್ದು ನೋಡಿ.

ನಾಲ್ಕೇ ವರ್ಷದಲ್ಲಿ ಬಾಮೈದ ಎಲ್ಲರಿಗೂ ಬೇಕಾದವನಾದ. ಮೇಷ್ಟ್ರು ಬಂದವರನ್ನು "ನಿಮ್ಮ ಒಳ್ಳೇ ಹೊಡೆತ ಎಷ್ಟು ದೂರ ಹೋಗುತ್ತೆ?" ಎಂದು ಕೇಳಿದರೆ, ಅವನು "ನಿಮ್ಮ ಕೆಟ್ಟ ಹೊಡೆತ ಎಲ್ಲಿಗೆ ಹೋಗುತ್ತೆ ಸಾರ್?" ಎನ್ನುತ್ತಿದ್ದ. ಜನ ನಕ್ಕು, ಇದ್ದದ್ದು ಇದ್ದ ಹಾಗೆ ಒಪ್ಪಿಕೊಂಡು, ಅವನು ಕೊಟ್ಟ ಹೈಬ್ರಿಡ್ ಹಿಡಿದು ಹೋಗುತ್ತಿದ್ದರು. ಐರನ್ ಎಂಬ, ಚಪ್ಪಟೆ ಲೋಹದ ತಲೆಯ ಉದ್ದನೆಯ ಕ್ಲಬ್‌ಗೆ ಬದಲಾಗಿ ಹಿಡಿಯುವ ದುಂಡು ತಲೆಯ ಕ್ಲಬ್ಬು ಅದು. ಏಟು ಕೊಂಚ ಆಚೀಚೆ ಬಿದ್ದರೂ ತಪ್ಪನ್ನು ಹೊಟ್ಟೆಗೆ ಹಾಕಿಕೊಂಡು ಚೆಂಡನ್ನು ಎತ್ತಿ ಕಳಿಸುತ್ತದೆ. ಮೇಷ್ಟ್ರ ಹೊಟ್ಟೆಯಲ್ಲಿ ಮಾತ್ರ ಅಷ್ಟು ಜಾಗವಿರಲಿಲ್ಲ. ಮನೆಯಲ್ಲಿ ಹೆಂಡತಿ "ನನ್ನ ತಮ್ಮ ಬಿಡಿ, ಮುಟ್ಟಿದ್ದೆಲ್ಲ ಚಿನ್ನ" ಎಂದಾಗಲೆಲ್ಲ ತಟ್ಟೆ ಬಿಟ್ಟು ಎದ್ದು ಹೋಗುವಷ್ಟು ಉರಿ.

ಉಳಿದವರು ಹೋದರೆ ಹೋಗಲಿ, ಹಲ್ಲಿನ ಡಾಕ್ಟರು ಮಾತ್ರ ತಮ್ಮವರು ಎಂದು ಮೇಷ್ಟ್ರು ಅಂದುಕೊಂಡಿದ್ದರು. ಹದಿನೆಂಟು ವರ್ಷದ ಗಿರಾಕಿ, ಸ್ನೇಹಿತ. ಆಟ ಸಾಧಾರಣ, ಆಸೆ ಅಪಾರ. ಒಂದು ದಿನ ಆ ಡಾಕ್ಟರೇ ಫೋನ್ ಮಾಡಿ, "ಹೊಸ ಸೆಟ್ ತಗೋಬೇಕು ಮೇಷ್ಟ್ರೇ. ನಾಳೆ ನಿಮ್ಮ ಬಾಮೈದ ಇರ್ತಾನಲ್ವಾ?" ಎಂದುಬಿಟ್ಟರು.

ಅಯ್ಯೋ, ಆ ಒಂದು ಮಾತಿಗೆ ಮೇಷ್ಟ್ರ ಮೈಯೆಲ್ಲ ಬೆಂಕಿ! ಮರುದಿನ ಏನೋ ನೆಪ ಹೇಳಿ ಬಾಮೈದನನ್ನು ಗೋದಾಮಿಗೆ ಅಟ್ಟಿ, ಡಾಕ್ಟರನ್ನು ತಾವೇ ಅಂಗಡಿಯ ಹಿಂದಿನ ಅಭ್ಯಾಸದ ಮೈದಾನಕ್ಕೆ ಕರೆದೊಯ್ದರು. ಐರನ್ನಿನ ಮುಖಕ್ಕೆ ಬಿಳಿ ಸ್ಟಿಕ್ಕರ್ ಅಂಟಿಸಿ ಹೊಡೆಸಿದರು. ಚೆಂಡು ತಗಲಿದ ಕಡೆ ಅದರ ಮೇಲೆ ಕಲೆ ಮೂಡುತ್ತದೆ. ಹತ್ತು ಹೊಡೆತಕ್ಕೆ ಹತ್ತು ಕಡೆ ಕಲೆ. ನಡುಮಧ್ಯ ಬಿದ್ದದ್ದು ಒಂದೇ. ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದವನೂ ಹೇಳುತ್ತಿದ್ದ: ಈ ಕೈಗೆ ಅಗಲ ತಳದ ಐರನ್, ಜೊತೆಗೆ ಎರಡು ಹೈಬ್ರಿಡ್. ಆದರೆ ಬಾಮೈದನೂ ಅದನ್ನೇ ಕೊಡುತ್ತಿದ್ದನಲ್ಲ! ಅವನು ಹೇಳುವುದನ್ನೇ ತಾನೂ ಹೇಳಬೇಕೇ?

"ಹೈಬ್ರಿಡ್ಡೆಲ್ಲ ಕೈಲಾಗದವರಿಗೆ ಡಾಕ್ಟ್ರೇ," ಎಂದು ಸ್ಟಿಕ್ಕರ್ ಕಿತ್ತು ಮುದುರಿ ಜೇಬಿಗೆ ತುರುಕಿದರು. "ನಿಮ್ಮ ಕೈಗೆ ಇದೇ ಸರಿ." ಪಳಗಿದ ಆಟಗಾರರು ಮಾತ್ರ ಹಿಡಿಯುವ, ತೆಳ್ಳನೆಯ ಐರನ್‌ಗಳ ಸೆಟ್ ತೋರಿಸಿದರು. ಡಾಕ್ಟರು ಉಬ್ಬಿಹೋಗಿ ಅದನ್ನೇ ಕೊಂಡರು. ಗೋದಾಮಿನಿಂದ ಬಂದ ಬಾಮೈದ ಸೆಟ್ ನೋಡಿ ಹುಬ್ಬೇರಿಸಿ ತನ್ನ ಕೆಲಸಕ್ಕೆ ಹೋದ. ಅವತ್ತು ಮೇಷ್ಟ್ರು ಸೀಟಿ ಹಾಕುತ್ತ ಮನೆಗೆ ಹೋದರು.

ಎರಡು ತಿಂಗಳಾದ ಮೇಲೆ ಡಾಕ್ಟರು ಚೀಲ ಹೊತ್ತು ಬಂದರು. ಜಗಳಕ್ಕೆ ಬಂದಿದ್ದರೆ ಮೇಷ್ಟ್ರು ಬಾಯಲ್ಲೇ ಗೆದ್ದುಬಿಡುತ್ತಿದ್ದರು. ಡಾಕ್ಟರ ಮುಖ ನೋಡಿದರೆ ಜಗಳದ ಮುಖವಲ್ಲ.

"ಇದನ್ನ ಯಾರಿಗಾದ್ರೂ ಕೊಟ್ಬಿಡಿ ಮೇಷ್ಟ್ರೇ. ನಾನು ಆಟ ಬಿಟ್ಟೆ. ಇಂಥಾ ಒಳ್ಳೇ ಕ್ಲಬ್ ಹಿಡ್ಕೊಂಡೂ ಚೆಂಡು ಮೇಲೇಳಲ್ಲ ಅಂದ್ರೆ ನನ್ನ ಕೈಯೇ ಹೋಯ್ತು ಅಂತ ಅರ್ಥ. ಈಗೀಗ ಕ್ಲಿನಿಕ್ಕಲ್ಲಿ ಸೂಜಿ ಹಿಡಿಯೋವಾಗ್ಲೂ ಕೈ ಮೇಲೆ ಅನುಮಾನ ಬರ್ತಿದೆ."

ಮೇಷ್ಟ್ರು ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬಾಮೈದ ಒಳಗೆ ಯಾವುದೋ ಕ್ಲಬ್ಬಿನ ಹಿಡಿ ಬದಲಿಸುತ್ತಿದ್ದ.

"ನಿಮ್ಮ ಕೈ ಸರಿಯಾಗೇ ಇದೆ ಡಾಕ್ಟ್ರೇ. ನಾನು ಕೊಟ್ಟಿದ್ದು ತಪ್ಪು. ಈ ಸೆಟ್ ನಿಮಗೆ ಆಗಲ್ಲ ಅಂತ ಅವತ್ತೇ ಗೊತ್ತಿತ್ತು."

"ಗೊತ್ತಿದ್ದೂ ಕೊಟ್ರಾ? ಯಾಕ್ರೀ?"

"ನೀವು ಅವನನ್ನ ಕೇಳಿದ್ರಿ. ನನ್ನನ್ನ ಕೇಳ್ಲಿಲ್ಲ."

ಡಾಕ್ಟರು ಚೀಲವನ್ನು ಮೇಷ್ಟ್ರ ಕಾಲ ಬಳಿ ಇಳಿಸಿದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಕೊನೆಗೆ ಮೇಷ್ಟ್ರೇ ಒಳಬಾಗಿಲು ತಳ್ಳಿ ಕೂಗಿದರು: "ಬಾರೋ ಇಲ್ಲಿ. ಡಾಕ್ಟರನ್ನ ಇನ್ಮೇಲೆ ನೀನೇ ನೋಡ್ಕೋ."

ಮೈದಾನದಲ್ಲಿ, ಬಾಮೈದ ಕೊಟ್ಟ ಹೈಬ್ರಿಡ್‌ಗೆ ಮೂರನೆಯ ಚೆಂಡು ಎದ್ದು ನೆಟ್ಟಗೆ ಹೋಯಿತು. "ಹೋಯ್ತು! ನೋಡೋ, ಹೋಯ್ತು!" ಎಂದು ಡಾಕ್ಟರು ಅವನ ಭುಜ ಹಿಡಿದು ಕುಣಿದರು. ಹಿಂದೆ ನಿಂತಿದ್ದ ಮೇಷ್ಟ್ರ ಕಡೆ ತಿರುಗಿಯೂ ನೋಡಲಿಲ್ಲ. ಹದಿನೆಂಟು ವರ್ಷ ಅವರು ಹಿಡಿದು ಕುಣಿದದ್ದು ಮೇಷ್ಟ್ರ ಭುಜವನ್ನೇ. ಹೊಟ್ಟೆ ಧಗಧಗ ಉರಿಯಿತು. ಆದರೆ ಈ ಸಲ ತಪ್ಪು ತಮ್ಮದೇ; ಬೈದುಕೊಳ್ಳುವುದಕ್ಕೆ ಬಾಮೈದನೂ ಸಿಗಲಿಲ್ಲ.