ಒಂದು ಚಿಟಿಕೆ ತಂಬಾಕಿನ ಹೊತ್ತು

ನಾನು ಎಂಜಿನಿಯರಾಗಿ ತರಬೇತಿ ಪಡೆದ ಸಕ್ಕರೆ ಕಾರ್ಖಾನೆಯ ಆಡಳಿತ ಮಂಡಳಿ ಕಳ್ಳತನ ಮಾಡಿದೆ; ಅದನ್ನೂ ಅರೆಬರೆ ಮಾಡಿದೆ. ಕದ್ದದ್ದು ನಮ್ಮ ಹಿರಿಯ ಫಿಟ್ಟರರ ಕೈಗೆಲಸವನ್ನು.

ಅವರು ಉಗಿ ಕೊಳವೆಯ ವಾಲ್ವ್ ಮುಚ್ಚಿ, ಒಳಗುಳಿದ ಉಗಿಗೆ ಹೊರದಾರಿ ಬಿಟ್ಟೊಡನೆ ಬೋಲ್ಟ್ ಬಿಚ್ಚುವ ಪಾನಾ ಎತ್ತಿಕೊಳ್ಳುತ್ತಿರಲಿಲ್ಲ. ಕುಕ್ಕರಗಾಲಲ್ಲಿ ಕುಳಿತು, ಅಂಗೈಯಲ್ಲಿ ನಿಪ್ಪಾಣಿ ತಂಬಾಕಿಗೆ ಸುಣ್ಣ ಬೆರೆಸಿ, ಹೆಬ್ಬೆರಳಿನಿಂದ ಸಾವಕಾಶ ತಿಕ್ಕುತ್ತಿದ್ದರು. ನಾನು ಅವಸರಿಸಿದರೆ, “ಗಡಬಡ ಮಾಡಬ್ಯಾಡ್ರಿ ಸಾಹೇಬ್ರ, ಉಗಿಗೂ ಉಸಿರು ಬಿಡಾಕ ಹೊತ್ತು ಬೇಕು” ಎನ್ನುತ್ತಿದ್ದರು.

ಒಂದು ಹಂಗಾಮು ಪೂರ್ತಿ ಅವರ ಕೆಲಸ ಚಿತ್ರೀಕರಿಸಲು ತಲೆಗೆ ಕ್ಯಾಮೆರಾ ಕಟ್ಟಲಾಯಿತು. ಅವರನ್ನು ಕೆಲಸದಿಂದ ಬಿಡಿಸಿ ಮನೆಗೆ ಕಳಿಸಿದ ಮರುದಿನವೇ ಹೊಸ ಕನ್ನಡಕಗಳು ಬಂದವು. ಧರಿಸಿದವರಿಗೆ ಎದುರಿನ ಯಂತ್ರದ ಮೇಲೆಯೇ ಹಸಿರು ಬಾಣಗಳೂ ಫಿಟ್ಟರರ ಕೈಗಳೂ ಕಾಣುತ್ತಿದ್ದವು. ನಾಲ್ಕನೆಯ ಹಂತದಲ್ಲಿ ಆ ಕೈಗಳು ತಂಬಾಕು ತಿಕ್ಕುತ್ತಿದ್ದವು. ಹೊಸ ಕೆಲಸಗಾರರೂ ವಿಧೇಯರಾಗಿ ಬರಿಯ ಅಂಗೈ ತಿಕ್ಕಿದರು. “ಲೇ, ಸುಣ್ಣಾ ಹಾಕಿದಿ ಇಲ್ಲೋ?” ಎಂದು ಅವರಲ್ಲೊಬ್ಬ ಪಕ್ಕದವನನ್ನು ಛೇಡಿಸಿದ.

ತಪಾಸಣೆಗೆ ಬಂದ ನಿರ್ದೇಶಕರೊಬ್ಬರು ಕನ್ನಡಕ ಹಾಕಿಕೊಂಡು, “ಛೀ, ಏನ್ರಿ ಇದು ಅಸಭ್ಯ! ಮೊದಲ ತಗೀರಿ” ಎಂದರು. ಹಂತ ಅಳಿಯಿತು. ಮರುವಾರ ವಾಲ್ವ್ ಮುಚ್ಚಿದ ಕೂಡಲೇ ಬಾಣ ಬೋಲ್ಟ್ ತೋರಿಸಿತು. ಇನ್ನೂ ಇಳಿಯದ ಉಗಿ ಚಿಮ್ಮಿ, ಛೇಡಿಸಿದವನ ಮುಂಗೈ ಬೆಂದಿತು. ವರದಿ ಹೇಳಿತು: ಕಾರ್ಮಿಕನ ಅಜಾಗರೂಕತೆ.

ಅವನನ್ನು ನೋಡಲು ಬಂದ ಫಿಟ್ಟರರು ನನ್ನನ್ನು ಕೇಳಿದರು: “ನನ್ನ ಕೈ ತಗೊಂಡ್ರಿ, ಹೊತ್ತು ಯಾಕ ಬಿಟ್ರಿ?”

ಆಡಳಿತ ಮಂಡಳಿಯು ಈ ಪ್ರಶ್ನೆಗೆ ಲಿಖಿತವಾಗಿ ಉತ್ತರಿಸಬೇಕು, ವರದಿಯನ್ನು ತಿದ್ದಬೇಕು, ನಾಲ್ಕನೆಯ ಹಂತವನ್ನು ಮರಳಿಸಬೇಕು ಎಂದು ವಿನಂತಿಸುತ್ತೇನೆ. ತಂಬಾಕು ಅಸಭ್ಯವೆನಿಸಿದರೆ ಏಲಕ್ಕಿ ತಿಕ್ಕಲು ನಮ್ಮ ಅಭ್ಯಂತರವಿಲ್ಲ.