ಎರಡನೆಯ ಸಲ ಉಕ್ಕಿದ ಹಾಲು

ನನ್ನ ತಮ್ಮನನ್ನು ಆ ಸಂಸ್ಥೆಯ ಯಜಮಾನರು ಒಂದು ದಿನವೂ ಹೆಸರು ಹಿಡಿದು ಕರೆಯಲಿಲ್ಲ. ‘ಫಲಾನುಭವಿ’ ಎನ್ನುತ್ತಿದ್ದರು. ಅವನು ಎದುರಿಗೇ ನಿಂತಿದ್ದರೂ ಹಾಗೇ.

ತಮ್ಮನಿಗೆ ಮನಸ್ಸಿನ ಕಾಯಿಲೆ ಇತ್ತು. ಅಮ್ಮ ತೀರಿಕೊಂಡ ಮೇಲೆ ಬಂಗಾರಪೇಟೆ ಸ್ಟೇಷನ್ನಿನ ಪ್ಲಾಟ್‌ಫಾರಂ ಕೊನೆಯಲ್ಲಿ ಮಲಗುತ್ತಿದ್ದ. ನನ್ನ ಮನೆಗೆ ಬಾ ಎಂದರೆ, “ಭಾವನ ಮನೇಲಿ ಒಂದು ನಾಯಿ ಐತಲ್ಲಕ್ಕ, ಇನ್ನೊಂದು ಯಾಕೆ?” ಎಂದು ನಗುತ್ತಿದ್ದ. ಅವನಿಗೆ ಬೇಕಾಗಿದ್ದದ್ದು ತನ್ನದೇ ಒಂದು ಬಾಗಿಲು.

ಅಂಥ ಮನೆಯಿಲ್ಲದವರಿಗೆ ಮನೆ ಕೊಡುವ ಆ ಸಂಸ್ಥೆಯವರು ರಾಬರ್ಟ್‌ಸನ್‌ಪೇಟೆಯಲ್ಲಿ ಒಬ್ಬ ಅಜ್ಜಿಯ ವಠಾರವನ್ನು ಬಹಳ ವರ್ಷಕ್ಕೆಂದು ಬಾಡಿಗೆಗೆ ಕರಾರು ಮಾಡಿಕೊಂಡರು. ಅಜ್ಜಿಯ ಗಂಡ ಗಣಿಯಲ್ಲಿ ದುಡಿದು ಕಟ್ಟಿಸಿದ ಸಾಲುಮನೆಗಳು ಅವು. ಸ್ಟೇಷನ್ನಿನಲ್ಲಿ ಮಲಗುವವರಿಗೆ ಎಂದರೆ ಯಾರೂ ಮನೆ ಕೊಡುವುದಿಲ್ಲವಲ್ಲ, ಅದಕ್ಕೆ ‘ನಮ್ಮ ಸಿಬ್ಬಂದಿಗೆ’ ಎಂದು ಹೇಳಿದ್ದರು. ತಮ್ಮ ಬಂದ ದಿನವೇ ಅಜ್ಜಿ ಅವನ ಕಾಲು ನೋಡಿ, “ಏನ್ ಸಾರ್, ನಿಮ್ಮ ಸ್ಟಾಫ್‌ಗೆ ಚಪ್ಪಲಿ ಕೂಡ ಇಲ್ವಾ?” ಎಂದಳು. ಆದರೆ ಹೊರಗೆ ಕಳಿಸಲಿಲ್ಲ. ಯಜಮಾನರು ಗೋಡೆಗೆ ಬಳಿಸಿದ ಬಣ್ಣದ ಬಗ್ಗೆ ಮಾತಾಡತೊಡಗಿದರು.

ಮನೆಯ ಜೊತೆಗೆ ಆಸರೆಯೂ ಇತ್ತು, ಅದನ್ನು ಇಲ್ಲವೆನ್ನಲಾರೆ. ದಿನಾ ಬೆಳಿಗ್ಗೆ ಸಂಸ್ಥೆಯ ಹುಡುಗಿಯೊಬ್ಬಳು ಬಂದು ಮಾತ್ರೆ ನುಂಗಿಸುತ್ತಿದ್ದಳು. ತಿಂಗಳಿಗೊಮ್ಮೆ ಇಂಜೆಕ್ಷನ್ನಿಗೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದಳು. ಬದುಕಿರುವ ತನಕ ಇರಬಹುದು ಎಂದಿದ್ದರು.

ಬಾಡಿಗೆ ಮನೆಯಾದರೂ ಹೊಸಬರು ಒಳಗೆ ಬಂದ ದಿನ ಹಾಲು ಉಕ್ಕಿಸುವುದು ನಮ್ಮಲ್ಲಿ ಪದ್ಧತಿ. ಅದಾದ ಮೇಲೇ ಮನೆ ಅವರದು. ನಾನೊಂದು ಅಲ್ಯೂಮಿನಿಯಂ ಪಾತ್ರೆ ಒಯ್ದಿದ್ದೆ. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿದರೂ ತಮ್ಮ ಇಳಿಸಲಿಲ್ಲ.

“ಸಾಕು ಕಣೋ, ಎಲ್ಲಾ ಚೆಲ್ಲೋಯ್ತದೆ.”

“ಚೆಲ್ಲಲಿ ಬಿಡಕ್ಕ. ಇನ್ಮೇಲೆ ಈ ಮನೇಲಿ ಬೇರೆ ಯಾರೂ ಉಕ್ಸಂಗಿಲ್ಲ.”

ಆಮೇಲೆ ಅವನು ತಾನಾಗಿಯೇ ಗಡ್ಡ ಮಾಡಿಕೊಳ್ಳತೊಡಗಿದ. ಎಣ್ಣೆ ಡಬ್ಬದಲ್ಲಿ ಕರಿಬೇವಿನ ಸಸಿ ನೆಟ್ಟ. ನಾನು ಹೋದರೆ ಬಾಗಿಲು ತೆರೆಯುವ ಮೊದಲು “ಯಾರದು?” ಎಂದು ಗತ್ತಿನಿಂದ ಕೇಳುತ್ತಿದ್ದ.

ಒಂದು ಇಂಜೆಕ್ಷನ್ನಿನ ದಿನ ಬೆಂಗಳೂರಿನಿಂದ ದಾನಿಗಳು ಬಂದರು. ಗೃಹಪ್ರವೇಶದ ಫೋಟೊ ಅವರಿಗೆ ಬೇಕಿತ್ತು. ಆದ ಗೃಹಪ್ರವೇಶ ಅವರಿಗಾಗಿ ಕಾದಿರಲಿಲ್ಲ. ಯಜಮಾನರು ಇನ್ನೊಂದು ಮಾಡಿಸಿದರು. ಮನೆ ಹೊಸದಾಗಿ ಕಾಣಬೇಕಲ್ಲ, ತಮ್ಮನ ಚಾಪೆ, ಟ್ರಂಕು, ಕರಿಬೇವಿನ ಡಬ್ಬ ಎಲ್ಲವನ್ನೂ ಅಂಗಳಕ್ಕೆ ಇಡಿಸಿದರು. ಬಾಗಿಲಿಗೆ ಮಾವಿನ ಸೊಪ್ಪು ಕಟ್ಟಿಸಿದರು. ರೇಷ್ಮೆ ಸೀರೆಯ ಹೆಂಗಸೊಬ್ಬರು ನಾನು ಕೊಟ್ಟ ಪಾತ್ರೆಯಲ್ಲೇ ಹಾಲು ಉಕ್ಕಿಸಿದರು. ಫೋಟೊ ಸರಿ ಬರಲಿಲ್ಲವೆಂದು ಇನ್ನಷ್ಟು ಹಾಲು ಸುರಿದರಂತೆ.

ಅಷ್ಟರಲ್ಲಿ ತಮ್ಮ ಆಸ್ಪತ್ರೆಯಿಂದ ಬಂದ. ಜೊತೆಗಿದ್ದ ಹುಡುಗಿಯನ್ನು ಗಲ್ಲಿಯ ಬಾಯಲ್ಲೇ ಕುರ್ಚಿ ಜೋಡಿಸಲು ಕರೆದಿದ್ದರು. ಅವನು ಬಾಗಿಲು ನೋಡಿದ, ಒಲೆ ನೋಡಿದ. ಜಗಳ ಆಡಲಿಲ್ಲ. ಚಾಪೆ ಸುತ್ತಿಕೊಂಡು, “ಒಸಬ್ರು ಬಂದವ್ರೆ ಅಮ್ಮಾ, ಓಗ್ಬತ್ತೀನಿ. ಗಿಡಕ್ಕೆ ನೀರಾಕು,” ಎಂದು ಅಜ್ಜಿಗೆ ಹೇಳಿ ಹೊರಟ. ಅಜ್ಜಿ ಯಜಮಾನರನ್ನು ಕೂಗಿದಳಂತೆ. ಅವರು ಭಾಷಣದ ನಡುವೆ ಇದ್ದರು.

ಅಜ್ಜಿಯಿಂದ ಸುದ್ದಿ ತಿಳಿದು ನಾನು ಎರಡು ದಿನದ ಮೇಲೆ ಹೋದಾಗ ಅವನು ಸ್ಟೇಷನ್ನಿನಲ್ಲಿ ಹಳೆಯ ಜಾಗದಲ್ಲೇ ಇದ್ದ. ಮೈ ಸುಡುತ್ತಿತ್ತು. ಅದು ಬರೀ ಫೋಟೊಗೆ ಕಣೋ, ಮನೆ ಈಗಲೂ ನಿನ್ನದೇ ಎಂದೆ.

“ಫೋಟೋಕ್ಕೆ ಯಾರಾದ್ರೂ ಆಲು ಉಕ್ಸ್ತಾರೇನಕ್ಕ? ನನ್ಗೆ ತಲೆ ಕೆಟ್ಟೈತೆ ಅಂತ ನೀನೂ ಆಟ ಆಡ್ಬ್ಯಾಡ.”

ಅವನ ತಲೆ ಅವತ್ತು ನೆಟ್ಟಗೇ ಇತ್ತು. ಯಜಮಾನರಿಗೆ ಫೋನ್ ಮಾಡಿ, ನೀವೇ ಬಂದು ಒಂದು ಮಾತು ಹೇಳಿ ಎಂದು ಬೇಡಿಕೊಂಡೆ. “ಬಲವಂತ ಮಾಡೋ ಹಾಗಿಲ್ಲಮ್ಮ, ಫಲಾನುಭವಿಯ ಇಚ್ಛೆಗೆ ನಾವು ಗೌರವ ಕೊಡ್ತೀವಿ,” ಎಂದರು. ಅಂಥ ಗೌರವವನ್ನು ನಾನು ಬೇರೆಲ್ಲೂ ಕಂಡಿಲ್ಲ. ಹುಡುಗಿ ಬಂದು ಅತ್ತಳು. ಅವನು ಏಳಲಿಲ್ಲ. ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಜ್ವರ ಎದೆಗೆ ಇಳಿದಿತ್ತು. ಅಲ್ಲೇ ಹೋದ.

ತಿಥಿಯ ಮಾರನೆಯ ದಿನ ಯಜಮಾನರು ಫೋನ್ ಮಾಡಿದರು. ಮನೆಗೆ ಬಸ್ ಸ್ಟ್ಯಾಂಡಿನ ಮುದುಕಿಯೊಬ್ಬಳು ಬರುತ್ತಿದ್ದಾಳೆ, ಕುಟುಂಬದವರಾಗಿ ನೀವೇ ಹಾಲು ಉಕ್ಕಿಸಿದರೆ ಚೆನ್ನಾಗಿರುತ್ತದೆ ಎಂದರು. ಹೋದೆ. ಅವರ ಕ್ಯಾಮೆರಾ ಬರುವ ಮೊದಲೇ ಬಾಗಿಲು ಹಾಕಿಕೊಂಡು, ಅದೇ ಪಾತ್ರೆಯಲ್ಲಿ ಮುದುಕಿಯ ಕೈಯಿಂದಲೇ ಉಕ್ಕಿಸಿದೆ. ಆಮೇಲೆ ಅವಳನ್ನು ಅವಳ ಚಾಪೆಯ ಮೇಲೆ ಕೂರಿಸಿ ಹೇಳಿದೆ:

“ಅಜ್ಜಿ, ನಿನ್ ಆಲು ಉಕ್ಕಿದ್ದಾಯ್ತು. ಇನ್ಮೇಲೆ ಇವ್ರು ಎಷ್ಟ್ ಸಲ ಉಕ್ಸಿದ್ರೂ ನೀನು ಮಾತ್ರ ಮೇಲೇಳ್ಬ್ಯಾಡ.”

ಹೊರಗೆ ಯಜಮಾನರು ಬಾಗಿಲು ತಟ್ಟುತ್ತಿದ್ದರು.

“ಯಾರದು?” ಎಂದಳು ಮುದುಕಿ.